ಬಲಗಡೆಯ ಪದಕ

ಊರಿನ ರೆಜಿಮೆಂಟಿನ ಮ್ಯೂಸಿಯಮ್ಮಿನ ಮೇಜಿನ ಮೇಲೆ ಮೊರೀನ್ ತನ್ನ ಅಜ್ಜನ ಫೋಟೋ ಇಟ್ಟದ್ದೇ ತಡ, ಗಂಡ ಡೆರೆಕ್ ಶುರು ಹಚ್ಚಿಕೊಂಡ.

"ಇವರು ಇವಳಜ್ಜ ಅಮೋಸ್. ಕಹಳೆ ಊದಿ ಜರ್ಮನರನ್ನ ಓಡಿಸಿದೋರು."

ಮದುವೆಯಾದಂದಿನಿಂದ ಅವನದು ಇದೇ ರಾಗ. ಅವನಜ್ಜ ವಾಲ್ಟರ್ ಕೂಡ ಊರಿನ ಇದೇ ರೆಜಿಮೆಂಟಿನ ಸಿಪಾಯಿ. ಮೊದಲ ಮಹಾಯುದ್ಧದಲ್ಲಿ ಕಾಲು ಮುರಿದು ಬಯಲಲ್ಲಿ ಬಿದ್ದು, ಹೇಗೋ ಬದುಕಿ ಬಂದವರು. ಪ್ರತಿ ನವೆಂಬರಿನಲ್ಲಿ, ಯುದ್ಧದಲ್ಲಿ ಮಡಿದವರ ಸ್ಮರಣೆಯ ಭಾನುವಾರ, ಡೆರೆಕ್ ಅವರ ಪದಕಗಳನ್ನು ಕೋಟಿನ ಬಲಗಡೆ ಚುಚ್ಚಿಕೊಂಡು ಎದೆಯುಬ್ಬಿಸಿ ನಡೆಯುತ್ತಿದ್ದ. ಎಡಗಡೆ ಸ್ವಂತ ಗಳಿಸಿದ ಪದಕ, ಬಲಗಡೆ ಹಿರಿಯರದ್ದು ಎಂಬುದು ಅಲ್ಲಿನ ರೂಢಿ. ಅಮೋಸರ ಪದಕಗಳು ಮಾತ್ರ ಅಂಗಿಯ ಗುಂಡಿ ಹಾಕಿಡುವ ಡಬ್ಬಿಯಲ್ಲೇ ಉಳಿದಿದ್ದವು. ನಾಳೆ ಮತ್ತೆ ಅದೇ ಭಾನುವಾರ. ಆ ಪದಕಗಳನ್ನು ಧರಿಸುವಷ್ಟು ಏನಾದರೂ ಅಜ್ಜ ಮಾಡಿದ್ದರೇ ಎಂದು ಕೇಳಲು ಮೊರೀನ್ ಬಂದಿದ್ದಳು.

ವಂಶ ಹುಡುಕಿ ಬಂದವರಿಗೆ ನೆರವಾಗುವ ಮುದುಕ ಎಕರ್ಸ್ಲಿ ಭೂತಗನ್ನಡಿ ಹಿಡಿದು ಅಮೋಸರ ತೋಳಿನ ಗುರುತು ನೋಡಿದರು. ಸೇನೆಯ ವಾದ್ಯದ ಬ್ಯಾಂಡಿನವರೇ, ಅನುಮಾನವಿಲ್ಲ ಎಂದರು. ಮೊರೀನಳ ಮುಖ ಬಾಡಿತು.

"ಯುದ್ಧಭೂಮಿಲಿ ಕಹಳೆ ಯಾರು ಕೇಳ್ತಾರೆ ತಾಯಿ?" ಎಂದರು ಎಕರ್ಸ್ಲಿ. "ವಾದ್ಯ ಎಲ್ಲ ಪೆಟ್ಟಿಗೇಲಿಟ್ಟು ಬೀಗ ಹಾಕೋರು. ಬ್ಯಾಂಡಿನೋರ ಕೈಗೆ ಸ್ಟ್ರೆಚರ್ ಕೊಡೋರು. ಗುಂಡಿನ ಮಧ್ಯೆ ಹೋಗಿ, ಬಿದ್ದೋರನ್ನ ಹೊತ್ಕೊಂಡು ಬರೋದೇ ಇವರ ಕೆಲಸ. ಕೈಯಲ್ಲಿ ಬಂದೂಕೂ ಇರ್ತಿರಲಿಲ್ಲ."

ಡೆರೆಕ್ ಎಂದೂ ಇಲ್ಲದಷ್ಟು ಮೆಲ್ಲಗೆ, ಹಾಗಾದರೆ ನಮ್ಮಜ್ಜನನ್ನು ಯಾರು ತಂದರು ಎಂದು ಕೇಳಿದ. ಹೆಸರು ಈಗ ಹೇಳಲಾಗದು, ಆದರೆ ತಂದದ್ದು ಬ್ಯಾಂಡಿನವರೇ ಇರಬೇಕು ಎಂದರು ಮುದುಕರು.

"ಅವರು ಹೊತ್ಕೊಂಡು ಬರದಿದ್ರೆ ನೀವೇ ಇರ್ತಿರಲಿಲ್ಲ. ನಿಮ್ಮಪ್ಪ ಹುಟ್ಟಿದ್ದು ಯುದ್ಧ ಆದ್ಮೇಲೆ ತಾನೇ?"

ಡೆರೆಕ್ ಹೌದೆಂದು ತಲೆಯಾಡಿಸಿದ. ಇಬ್ಬರೂ ಮನೆಗೆ ಹೊರಟರು. ಮೊರೀನಳಿಗಂತೂ ಹಾಡಿಕೊಂಡು ನಡೆಯುವಷ್ಟು ಸಂತೋಷವಾಗಿತ್ತು. ಗಂಡನನ್ನು ಕೆಣಕಲು ಬೇಕಾದಷ್ಟು ಮಾತಿತ್ತು, ಒಂದನ್ನೂ ಆಡಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಕೋಟು ಹಾಕಿಕೊಂಡು ಬಂದರೆ, ಡೆರೆಕ್ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಿದ್ದ. ಅಮೋಸರ ಪದಕಗಳು ತಿಕ್ಕಿ ತಿಕ್ಕಿ ಫಳಫಳ ಎನ್ನುತ್ತಿದ್ದವು. ಅವನು ಬಗ್ಗಿ ಅವಳ ಕೋಟಿನ ಬಲಗಡೆ ಪಿನ್ನು ಚುಚ್ಚತೊಡಗಿದ.

"ನಮ್ಮಜ್ಜ ತುಂಬಾ ದಪ್ಪ ಇದ್ರು ಕಣೇ, ಹೊತ್ತೋರಿಗೆ ಭಾರ ಆಗಿರ್ಬೇಕು," ಎಂದ.