ಪಿನಾಕಿನಿಯ ಮರಳಿನಲ್ಲಿ ನಾನು ತೋಡಿದ ಒರತೆ

ಗೌರಿಬಿದನೂರಿನ ನಮ್ಮ ಬಡಾವಣೆಯ ಹಿಂದೆ ಈ ವರ್ಷ ಪಿನಾಕಿನಿ ಹರಿದಿದ್ದಾಳೆ. ಮೊಮ್ಮಗಳು ಕಾಲಿಗೆಲ್ಲ ಹಸಿ ಮರಳು ಮೆತ್ತಿಕೊಂಡು ಓಡಿಬಂದಳು, ಆ ವಾಸನೆಗೆ ನಾನು ಏಳು ವರ್ಷದ ಹುಡುಗಿಯಾಗಿಬಿಟ್ಟೆ!

ಆಗ ಇಲ್ಲಿ ನಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳು ತೋಡಿ, ಮನೆಗೊಂದು ಒರತೆ ಮಾಡಿಕೊಂಡು ನೀರು ತರುತ್ತಿದ್ದೆವು. ಒಬ್ಬರ ಒರತೆಯ ಮೇಲ್ಗಡೆ, ನೀರು ಜಿನುಗಿ ಬರುವ ದಿಕ್ಕಿನಲ್ಲಿ, ಇನ್ನೊಬ್ಬರು ತೋಡಬಾರದೆಂಬ ಕಟ್ಟುಪಾಡಿತ್ತು. ನನಗದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿಗೆ ಖುಷಿಯಾಗಲೆಂದು, ಪಕ್ಕದ ಮನೆ ನರಸಮ್ಮನ ಒರತೆಯ ಮೇಲ್ಗಡೆಯೇ ತೆಂಗಿನ ಚಿಪ್ಪಿನಿಂದ ಸೊಂಟದ ಮಟ್ಟ ತೋಡಿದೆ. ತಣ್ಣನೆಯ ತಿಳಿನೀರು ಉಕ್ಕಿ ಬಂತು. ನರಸಮ್ಮನದು ಬತ್ತಿಹೋಯಿತು.

ಆಕೆ ಖಾಲಿ ಬಿಂದಿಗೆ ಹಿಡಿದು ಬಂದಳು. "ಮಗಳು ಹೆತ್ತು ಮೂರು ದಿನ ಆಗೈತೆ. ಇವತ್ತು ಬಾಣಂತಿಗೂ ಕೂಸಿಗೂ ನೀರು ಹಾಕ್ಬೇಕು. ಏನು ಹುಯ್ಲಿ, ಮರಳು ಹುಯ್ಲಾ?"

ನಾನು ಅಳತೊಡಗಿದೆ. ಅಜ್ಜಿ ಬೈಯಲಿಲ್ಲ. "ಮಗೂಗೆ ತಿಳೀಲಿಲ್ಲ ಕಣಮ್ಮ. ಇನ್ಮೇಲೆ ಈ ಒರತೆ ನಿಂದೇ, ತುಂಬ್ಕೊ," ಎಂದಳು. ನಮ್ಮ ಹಳೆಯ ಒರತೆಯಲ್ಲಿ ನಮಗೆ ಅಂದು ಸಿಕ್ಕಿದ್ದು ಅರ್ಧ ಬಿಂದಿಗೆ. ಅಜ್ಜಿ ಮುಖ ತೊಳೆಯದೆಯೇ ಒಲೆ ಹಚ್ಚಿದಳು.

ಸಂಜೆ ನರಸಮ್ಮನೇ ಕೂಗಿದಳು. "ಬಾರಮ್ಮ, ಬಾವಿ ತೋಡೋ ಮೇಸ್ತ್ರಿ! ಅಳ್ಬೇಡ, ಕೂತ್ಕೊ." ಕೂತೆ. ಆಗತಾನೆ ಮಿಂದ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಅದು ಬೆಚ್ಚಗೆ ನಿದ್ದೆಹೋಗಿತ್ತು.