ಅತ್ತೆ ಕಿತ್ತ ಹೊಲಿಗೆ

ಹಳೆಯ ಸೀರೆಗಳ ಟ್ರಂಕು ತೆರೆದಾಗಲೆಲ್ಲ ಆ ವಾಸನೆಗೆ ಇವತ್ತಿಗೂ ನನಗೆ ಬನಹಟ್ಟಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಜ್ಜಿ ನನಗೆ ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯಲು ಕಲಿಸುತ್ತಿದ್ದಳು. ಅಂಗೈಯಗಲದ ಎರಡು ಚೌಕಗಳನ್ನು ಸೇರಿಸಿ ನಾನು ಮೊದಲ ಸಾಲು ಮುಗಿಸಿದ್ದೆ. ಅಷ್ಟರಲ್ಲಿ ಮುಧೋಳದಿಂದ ಸೋದರತ್ತೆ ಬಂದಳು. ಕಚೇರಿ ಗುಮಾಸ್ತನನ್ನು ಕಟ್ಟಿಕೊಂಡ ಮೇಲೆ ಅವಳಿಗೆ ನಮ್ಮದೆಲ್ಲ ಕಸವಾಗಿ ಕಾಣುತ್ತಿತ್ತು.

ನನ್ನ ಚೌಕವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, “ಕೋಳಿ ಕೆದರಿದಂಗ ಐತಿ. ಇಕಿಗೂ ಚಿಂದಿ ಹೊಲ್ಯಾಕ ಕಲಸಾಕತ್ತಿ ಏನ ಯವ್ವಾ? ನಮ್ಮನ್ಯಾಗ ಎಲ್ಲಾರೂ ರಗ್ಗ ಹೊದೀತೀವಿ,” ಎಂದವಳೇ ದಾರವನ್ನು ಸರ್ರನೆ ಎಳೆದು ಕಿತ್ತಳು.

ಅಜ್ಜಿ ಮಗಳ ಮುಂದೆ ಸೂಜಿ ಹಿಡಿದು, “ಛಲೋ ಆತು. ನೀನ ಹೊಲಿದು ತೋರ್ಸವ್ವಾ,” ಎಂದಳು.

ಅತ್ತೆ ದಾರದ ತುದಿಗೆ ಗಂಟನ್ನೇ ಹಾಕಲಿಲ್ಲ. ಎಳೆದ ಹಾಗೆ ಅವಳ ಹೊಲಿಗೆಯೆಲ್ಲ ಬಿಚ್ಚಿಕೊಂಡು ಬಂತು. “ದಾರನ ಸರಿ ಇಲ್ಲ,” ಎಂದಳು.

ಸಂಜೆ ಹೊರಡುವಾಗ ಅವಳ ದನಿ ಮೆತ್ತಗಾಗಿತ್ತು. “ಯವ್ವಾ, ನಮ್ಮ ಕೂಸಿಗೆ ಒಂದ ಕೌದಿ ಕೊಡ. ರಗ್ಗ ಚುಚ್ಚತೈತಿ.”

ಅಜ್ಜಿ ತಾನು ಹೊದೆಯುವುದನ್ನೇ ಮಡಚಿ ಕೊಟ್ಟಳು. ಬಸ್ಸಿನಲ್ಲಿ ಯಾರಿಗೂ ಕಾಣಬಾರದೆಂದು ಅತ್ತೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಳು.

“ಬಾ, ಅತ್ತೆಗೆ ನಮಸ್ಕಾರ ಮಾಡ,” ಎಂದು ಅಜ್ಜಿ ಕರೆದಳು.

ಅತ್ತೆ ಕಿತ್ತ ಸಾಲನ್ನೇ ಮತ್ತೆ ಹೊಲಿಯುತ್ತಿದ್ದ ನಾನು ತಲೆ ಎತ್ತಲಿಲ್ಲ. “ಕೆಲಸದಾಗ ಅದೀನಿ,” ಎಂದೆ.