ಟ್ಯಾಂಕಿನ ಮೇಲಿನ ನಟ್ಟು

ಹೊಸ ಪೈಪು ಹಾಕಿದ ಮೇಲೂ ಬಹಿಯಾಳ ಕಾರು ಮೂರನೇ ಸಲ ಪೆಟ್ರೋಲ್ ಸೋರಿಸಿಕೊಂಡು ಬಂದಾಗ, ಇದು ಯಾರದೋ ಕೈವಾಡವೇ ಸೈ ಎಂದು ಉಸ್ತಾ ರಿಜ್ಕ್ ತೀರ್ಮಾನಿಸಿಬಿಟ್ಟ.

ಮೊದಲೆರಡು ಸಲ ಅವನು ಇಷ್ಟು ತಲೆಕೆಡಿಸಿಕೊಂಡಿರಲಿಲ್ಲ. ಹಳೇ ಕಾರಲ್ಲವೇ, ಸೋರುತ್ತದಪ್ಪ ಎಂದು ನಗುತ್ತಲೇ ಅವಳಿಗೆ ಕುರ್ಚಿ ಒರೆಸಿ ಹಾಕಿದ್ದ. ಈ ಸಲ ಮಾತ್ರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

ತಾಂತಾ ಪೇಟೆಯ ಆ ಗ್ಯಾರೇಜು ಗಲ್ಲಿಯಲ್ಲಿ ಮೇಸ್ತ್ರಿಗೆ ಉಸ್ತಾ ಎನ್ನುತ್ತಾರೆ; ಅಲ್ಲಿ ರಿಜ್ಕ್‌ನ ಕೈಗುಣಕ್ಕೆ ಹೆಸರಿತ್ತು. ಹೆಂಡತಿ ಸತ್ತ ಮೇಲೆ ಅವನಿಗೆ ಗ್ಯಾರೇಜೇ ಮನೆ. ಬಹಿಯಾ ಮದುವಣಗಿತ್ತಿಯರ ಉಡುಪು ಹೊಲಿಯುವವಳು. ತೀರಿಹೋದ ಗಂಡನ ಕಾರನ್ನು ತಾನೇ ಓಡಿಸುತ್ತ ಊರೂರಿಗೆ ಉಡುಪು ತಲುಪಿಸುತ್ತಿದ್ದಳು. ವರ್ಷಗಟ್ಟಲೆ ಕಪ್ಪು ಬಟ್ಟೆ ಬಿಟ್ಟು ಬೇರೆ ಬಣ್ಣ ತೊಡದಿದ್ದವಳು ಈಚೆಗೆ ಉಗುರಿಗೆ ನಸುಗುಲಾಬಿ ಬಣ್ಣ ಹಚ್ಚಿದ್ದನ್ನು ಗಲ್ಲಿಯವರೆಲ್ಲ ಗಮನಿಸಿದ್ದರು. ರಿಜ್ಕ್ ಗಮನಿಸಿರಲಿಲ್ಲ. ಅವನ ತಲೆ ಯಾವಾಗಲೂ ಕಾರಿನ ಕೆಳಗಿರುತ್ತಿತ್ತು.

ಆ ಕಾರಿನ ಪೈಪಾದರೂ ಎಂಥದ್ದು! ಟ್ಯಾಂಕಿನ ಬೆನ್ನ ಮೇಲೆ ಹೊರಟು, ಹಿಂದಿನ ಅಚ್ಚನ್ನು ಬಳಸಿಕೊಂಡು ಮುಂದಕ್ಕೆ ಹೋಗುತ್ತದೆ. ಪೈಪನ್ನು ಟ್ಯಾಂಕಿಗೆ ಬಿಗಿಯುವ ನಟ್ಟು ಕೂತಿರುವುದು ಇಕ್ಕಟ್ಟಿನ ಸಂದಿಯಲ್ಲಿ. ಮೇಸ್ತ್ರಿ ಕೆಳಗೆ ಅಂಗಾತ ಮಲಗಿ, ಮೊಣಕೈವರೆಗೆ ತೋಳು ತೂರಿಸಿ ತಡವಬೇಕು. ಹಿಂದಿನ ಸೀಟು ಕಿತ್ತರೆ ಸಣ್ಣದೊಂದು ಕಿಂಡಿ ಕಾಣುತ್ತದೆ. ಅಲ್ಲಿಂದ ಇನ್ನೊಬ್ಬರು ಟಾರ್ಚು ಬಿಟ್ಟು ‘ಎಡಕ್ಕೆ, ಇನ್ನೂ ಎಡಕ್ಕೆ’ ಎನ್ನಬೇಕು. ಕೈ ಒಬ್ಬರದು, ಕಣ್ಣು ಇನ್ನೊಬ್ಬರದು. ಟಾರ್ಚು ಹಿಡಿಯುವ ಕೆಲಸ ಪ್ರತಿ ಸಲವೂ ಬಹಿಯಾಳದೇ. ಬರುವಾಗ ಅನ್ನ ತುಂಬಿ ಸುತ್ತಿದ ಎಲೆಕೋಸಿನ ಮಹ್ಶಿ ತಂದಿರುತ್ತಿದ್ದಳು. ಒಂದು ಗಂಟೆಯ ಕೆಲಸ ಊಟ, ಚಹಾ, ಮಾತು ಎಂದು ಸಂಜೆಯವರೆಗೆ ಎಳೆಯುತ್ತಿತ್ತು. ಉಳಿದ ಗಿರಾಕಿಗಳು ನಾಳೆ ಬರಬೇಕಾಗುತ್ತಿತ್ತು.

ಎರಡನೇ ಸಲ ಸೋರಿದಾಗ ಬಹಿಯಾಳ ಅಣ್ಣ ನಶಾತ್ ಬಂದು ಕಡ್ಡಿ ಮುರಿದಂತೆ ಹೇಳಿಹೋಗಿದ್ದ: ಇನ್ನೊಂದು ಹನಿ ಬಿದ್ದರೆ ಕಾರು ಎದುರಿನ ಸಬ್ರಿಯ ಗ್ಯಾರೇಜಿಗೆ, ಆಮೇಲೆ ಈ ಬಾಗಿಲು ತುಳಿಯುವ ಮಾತೇ ಇಲ್ಲ.

ಅಂದು ರಿಜ್ಕ್ ರಟ್ಟೆ ಸೋಲುವಷ್ಟು ಬಿಗಿದಿದ್ದ. ಬಿಗಿದ ನಟ್ಟಿಗೆ ಕೆಂಪು ಉಗುರುಬಣ್ಣದ ಗೆರೆ ಎಳೆಯುವುದು ಆ ಗಲ್ಲಿಯ ಪದ್ಧತಿ. ಯಾರಾದರೂ ತಿರುಗಿಸಿದರೆ ಗೆರೆ ಮುರಿದು ಸಿಕ್ಕಿಬೀಳುತ್ತಾರೆ. ಅವನ ದಪ್ಪ ಕೈ ಕಿಂಡಿಯಲ್ಲಿ ಹೋಗದೆ, ಅವನ ಸೀಸೆಯಿಂದ ಗೆರೆ ಎಳೆದದ್ದೂ ಬಹಿಯಾಳೇ.

“ಇನ್ನು ಹತ್ತು ವರ್ಷ ನೀವು ಈ ಕಡೆ ತಲೆ ಹಾಕೋದೇ ಬೇಡ” ಎಂದಿದ್ದ ರಿಜ್ಕ್, ಎದೆಯುಬ್ಬಿಸಿ.

“ಹತ್ತು ವರ್ಷಾನಾ?” ಎಂದಿದ್ದಳು ಬಹಿಯಾ. ಆ ದಿನ ಚಹಾ ಅರ್ಧಕ್ಕೇ ಬಿಟ್ಟು ಹೋಗಿದ್ದಳು. ನನ್ನ ಕೆಲಸದ ಮೇಲೆ ನಂಬಿಕೆಯಿಲ್ಲ ಎಂದುಕೊಂಡು ರಿಜ್ಕ್ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದ.

ಈಗ ವಾರ ಕಳೆಯುವುದರೊಳಗೆ ಕಾರು ಮತ್ತೆ ಬಾಗಿಲಲ್ಲಿ. ಪಕ್ಕದಲ್ಲಿ ನಶಾತ್, ಕೈಕಟ್ಟಿ. ಎದುರಿನ ಬಾಗಿಲಿಗೆ ಒರಗಿ ಸಬ್ರಿ, ಕುಂಬಳದ ಬೀಜ ಸುಲಿಯುತ್ತ.

“ಉಸ್ತಾ, ಪೈಪು ಹಾಕಿದ್ಯೋ, ಜರಡಿ ಹಾಕಿದ್ಯೋ?” ಎಂದ ಸಬ್ರಿ.

ಇವನದೇ ಕೆಲಸ, ಎಂದುಕೊಂಡ ರಿಜ್ಕ್. ಒಂದೇ ಒಂದು ಸಲ ನೋಡಲು ಬಿಡಿ, ತಪ್ಪು ನನ್ನದಾದರೆ ನಾನೇ ಕಾರನ್ನು ಸಬ್ರಿಯ ಬಾಗಿಲಿಗೆ ತಳ್ಳಿಕೊಟ್ಟು ಬರುತ್ತೇನೆ ಎಂದು ನಶಾತನ ಕೈ ಹಿಡಿದ. ಬಹಿಯಾ ಟಾರ್ಚಿಗೆ ಕೈ ಚಾಚಿದಳು. ನಶಾತ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಹಾಗಾಗಿ ರಿಜ್ಕ್ ತಾನೇ ಸೀಟು ಕಿತ್ತು, ಮೊದಲ ಸಲ ತನ್ನ ಕಣ್ಣಿಂದಲೇ ಕಿಂಡಿಯೊಳಗೆ ನೋಡಿದ.

ನಟ್ಟು ಒದ್ದೆಯಾಗಿತ್ತು. ಗೆರೆ ಮುರಿದಿರಲಿಲ್ಲ. ಹೊಲಿಗೆ ಹಾಕಿದಷ್ಟು ನೇರವಾಗಿತ್ತು. ಆದರೆ ಕೆಂಪಿರಲಿಲ್ಲ.

ನಸುಗುಲಾಬಿ.

ರಿಜ್ಕ್ ತಲೆ ಎತ್ತಿ ಕುರ್ಚಿಯತ್ತ ನೋಡಿದ. ಬಹಿಯಾ ಹತ್ತೂ ಬೆರಳುಗಳನ್ನು ಶಾಲಿನೊಳಗೆ ಅಡಗಿಸಿಕೊಂಡಳು.

“ಯಾರ ಕೆಲಸ ಇದು?” ಎಂದ ನಶಾತ್.

“ಇಲಿ.”

“ನಟ್ಟು ತಿರುಗ್ಸೋ ಇಲಿನಾ?” ಸಬ್ರಿ ಬೀಜದ ಸಿಪ್ಪೆ ಉಗಿದ.

“ಜಾಣ ಇಲಿ. ಕೈ ಸಣ್ಣದು” ಎಂದ ರಿಜ್ಕ್. ಆಮೇಲೆ ಎಲ್ಲಿಲ್ಲದ ಧೈರ್ಯ ಬಂದು, ಎಣ್ಣೆಗೈಯನ್ನು ಒರೆಸಿಕೊಂಡು ನಶಾತನ ಎದುರು ನಿಂತ. “ಅಣ್ಣಾವ್ರೇ, ಈ ಕಾರಿಗೆ ದಿನಾ ನೋಡ್ಕೊಳ್ಳೋರು ಬೇಕು. ನಮ್ಮನೆ ಮುಂದೇನೇ ನಿಂತ್ರೆ ಒಳ್ಳೇದು.”

ನಶಾತ್ ಅವನನ್ನು ನೋಡಿದ. ತಂಗಿಯನ್ನು ನೋಡಿದ. ತಂಗಿ ಕಾರಿನ ಚಕ್ರ ನೋಡುತ್ತಿದ್ದಳು, ಅದೇನೋ ಈಗಷ್ಟೇ ಕಂಡ ವಸ್ತುವಿನಂತೆ.

“ನಾವು ಬರೀ ಕಾರು ಕೊಡೋ ಜನ ಅಲ್ಲ” ಎಂದ ನಶಾತ್, ಮೀಸೆಯಡಿ ನಗು ತಡೆದು.

“ನಾನೂ ಬರೀ ಕಾರು ಕೇಳ್ತಾ ಇಲ್ಲ.”

ಶರಬತ್ತಿಗೆ ಹೇಳಿಕಳಿಸಿದವನು ಸಬ್ರಿಯೇ. ಹಗೆಯೆಲ್ಲ ಕೆಲಸದ ಹೊತ್ತಿನದು, ಸಿಹಿ ಹಂಚುವಾಗ ಗಲ್ಲಿಯೆಲ್ಲ ಒಂದೇ ಮನೆ.

ಇನ್ನು ಹನಿಯೂ ಬೀಳಬಾರದಲ್ಲ ಎಂದು ರಿಜ್ಕ್ ಪಾನಾ ಹಿಡಿದು ಕಾರಿನಡಿ ತೂರಿದ. ಮೇಲೆ ಕಿಂಡಿಯಲ್ಲಿ ಟಾರ್ಚು ಬೆಳಗಿತು. ಹೆಂಗಸಿನ ಗುಟ್ಟು ಕಾಪಾಡಿದ ದೊಡ್ಡ ಮನುಷ್ಯ ತಾನು ಎಂಬ ಬಿಗುಮಾನದಿಂದ, ಯಾರಿಗೂ ಕೇಳಿಸದಂತೆ ಕೇಳಿದ:

“ಅಲ್ಲಾ ಬಹಿಯಾ, ಎಷ್ಟು ಸಡಿಲ ಬಿಡಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಅರ್ಧ ಸುತ್ತು ತಾನೇ ಉಸ್ತಾ? ಮೊದಲೆರಡು ಸಲ ನೀವು ಬಿಟ್ಟಾಗ, ಟಾರ್ಚು ಹಿಡಿದಿದ್ದವಳು ನಾನೇ ಅಲ್ವಾ?”